ದಸರಾ ಮುಗಿದ ಮೇಲೆ ಮೈಸೂರಿನಲ್ಲಿ ಹಕ್ಕಿ, ಹೂ ನೋಡಲು ಎರಡು ದಿನ

ಹಕ್ಕಿ ನೋಡಲೆಂದು ಮೈಸೂರಿಗೆ ಬಂದವರು ಮೊದಲು ರಂಗನತಿಟ್ಟಿಗೆ ಗಾಡಿ ತಿರುಗಿಸುತ್ತಾರೆ. ಅಕ್ಟೋಬರ್-ನವೆಂಬರಿನಲ್ಲಿ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಗೂಡುಗಳ ಸಂಭ್ರಮ ಹೆಚ್ಚಾಗಿ ಜನವರಿಯಿಂದಾಚೆಗೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರೂ ಹಾಗೆಯೇ. ಈಗ ಹೋದರೆ ಖಾಲಿ ಹುಣಸೆಮರ ನೋಡಿ ಬರಬೇಕಾದೀತು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯ ಪಟ್ಟೆತಲೆ ಹೆಬ್ಬಾತುಗಳಿಗೂ ಡಿಸೆಂಬರ್ ದಾಟಲಿ. ಈ ಎರಡು ತಿಂಗಳ ಸೊಗಸೆಲ್ಲ ಕೆರೆಯಂಚಿನ ಹುಲ್ಲಿನಲ್ಲಿ, ಬೆಟ್ಟದ ಕುರುಚಲಿನಲ್ಲಿ.

ಮೊದಲ ದಿನ ಬೆಳಗ್ಗೆ ಆರೂಕಾಲಿಗೆಲ್ಲ ಕುಕ್ಕರಹಳ್ಳಿ ಕೆರೆಯಲ್ಲಿರಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಕೆರೆ ಇದು. ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ, ನಾಮದ ಕೋಳಿ ಕಾಲುದಾರಿಯಿಂದಲೇ ಕಾಣುತ್ತವೆ. ಸೂರ್ಯ ಬೆನ್ನ ಹಿಂದಿರುವಂತೆ, ಅಂದರೆ ಬೆಳಗಿನಲ್ಲಿ ಪೂರ್ವದ ದಡದಲ್ಲಿ ನಿಲ್ಲಿ. ಎದುರು ಬಿಸಿಲಿಗೆ ನಿಂತರೆ ಎಲ್ಲ ಹಕ್ಕಿಯೂ ಕರಿ ನೆರಳೇ. ಬೈನಾಕ್ಯುಲರ್ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಲೆನ್ಸಿನದು) ಸಾಕು. 10×ನಲ್ಲಿ ಕೈನಡುಕವೂ ದೊಡ್ಡದಾಗುತ್ತದೆ. ಎಸಿ ಕೋಣೆಯಲ್ಲಿ ಇಟ್ಟಿದ್ದರೆ ಅರ್ಧ ಗಂಟೆ ಮೊದಲೇ ಹೊರಗಿಡಿ. ಇಲ್ಲದಿದ್ದರೆ ಲೆನ್ಸಿನ ಮೇಲೆ ಮಂಜು ಕೂತು ಬೆಳಗಿನ ಒಳ್ಳೆಯ ಹೊತ್ತು ಒರೆಸುವುದರಲ್ಲೇ ಕಳೆಯುತ್ತದೆ.

ಇಲ್ಲಿ ಹೊಸಬರು ಮಾಡುವ ತಪ್ಪೆಂದರೆ ಹಕ್ಕಿಯ ಬೆನ್ನು ಹತ್ತುವುದು. ತೆನೆ ಬಿಟ್ಟ ಹುಲ್ಲು ಕಂಡಲ್ಲಿ ಹತ್ತು-ಹದಿನೈದು ನಿಮಿಷ ಅಲುಗಾಡದೆ ನಿಲ್ಲಿ. ಕಾಳು ತಿನ್ನುವ ಪುಟ್ಟ ಹಕ್ಕಿ ಚುಕ್ಕೆ ರಾಟವಾಳಗಳು (ಮುನಿಯಾ) ತಾವೇ ಬರುತ್ತವೆ. ಒಂದು ಹಕ್ಕಿ ತೆನೆ ಹಿಡಿದು ಕೂತರೆ ಕಡ್ಡಿ ಬಾಗುತ್ತದೆ. ಬಾಗಿದಷ್ಟೂ ಅದು ಬುಡದ ಕಡೆಗೆ ಸರಿದು, ಕಾಳನ್ನು ದಪ್ಪ ಕೊಕ್ಕಿನಲ್ಲಿ ಹೊರಳಿಸಿ ಸಿಪ್ಪೆ ಉದುರಿಸುತ್ತದೆ. ನೀರಂಚಿನಲ್ಲಿ ಬಾಲ ಕುಣಿಸುವ ಹಕ್ಕಿ ಸಿಕ್ಕರೆ ಬಣ್ಣ ನೋಡಿ. ಕಪ್ಪು-ಬಿಳುಪಿನ, ಕಣ್ಣಿನ ಮೇಲೆ ಬಿಳಿ ಹುಬ್ಬಿನ ಕುಂಡೆಕುಸ್ಕ ವರ್ಷವಿಡೀ ಇಲ್ಲಿಯದೇ. ಬೂದು ಬೆನ್ನು, ಬಾಲದ ಬುಡದಲ್ಲಿ ಹಳದಿ ಇದ್ದರೆ ಅದು ಬೂದು ಸಿಪಿಲೆ, ಚಳಿಗಾಲದ ಅತಿಥಿ.

ಸಂಜೆ ನಾಲ್ಕರ ಮೇಲೆ ಲಿಂಗಾಂಬುಧಿ ಕೆರೆಗೆ ಹೋಗಿ. ಹಿಂಗಾರು ಮಳೆ ಮಧ್ಯಾಹ್ನದ ಮೇಲೆಯೇ ಸುರಿಯುವುದು ಹೆಚ್ಚು. ಕ್ಯಾಮೆರಾಕ್ಕೆ ಒಂದು ಪ್ಲಾಸ್ಟಿಕ್ ಚೀಲ ಇರಲಿ.

ಎರಡನೆಯ ಬೆಳಗು ಚಾಮುಂಡಿ ಬೆಟ್ಟಕ್ಕೆ. ನಗರ ಬಸ್ ನಿಲ್ದಾಣದಿಂದ 201ನೇ ನಂಬರ್ ಬಸ್ಸಿನಲ್ಲಿ ಮೇಲೆ ಹೋಗಿ, ಮೆಟ್ಟಿಲಲ್ಲಿ ಇಳಿಯುವುದು ನಮ್ಮ ಸಲಹೆ. ಇಳಿಯುವಾಗ ಕುರುಚಲ ನೆತ್ತಿ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಏದುಸಿರೂ ಇರುವುದಿಲ್ಲ. ಚಿರತೆ ಓಡಾಡುವ ಬೆಟ್ಟ, ಬೆಳಕು ಹರಿಯುವ ಮೊದಲು ಮೆಟ್ಟಿಲಿಗೆ ಕಾಲಿಡಬೇಡಿ. ಕೋತಿಗಳಿರುವುದರಿಂದ ತಿಂಡಿಯ ಪೊಟ್ಟಣ ಕೈಯಲ್ಲಿ ಬೇಡ.

ತಂಗಡಿಯ ಹಳದಿ ಹೂ ದೂರದಿಂದಲೇ ಕಾಣುತ್ತದೆ. ಕಾಲಬುಡದಲ್ಲಿ ವಿಷ್ಣುಕ್ರಾಂತಿಯ ನೀಲಿ ಚುಕ್ಕಿಗಳಿವೆ. ಬೆಳಗ್ಗೆಯೇ ನೋಡಿಬಿಡಿ, ಆಮೇಲೆ ಹೂ ಮುಚ್ಚಿಕೊಳ್ಳುತ್ತದೆ. ಮಳೆ ತಡವಾದ ವರ್ಷ ಪೊದೆಗಳ ಮಧ್ಯೆ ಗೌರಿಹೂ ಇನ್ನೂ ಉಳಿದಿರಬಹುದು. ಆರು ದಳ, ಅಂಚು ಅಲೆಅಲೆ. ಹೊಸ ಹೂವು ಹಸಿರು-ಹಳದಿ, ಹಳೆಯದಾಗುತ್ತ ಪೂರ್ತಿ ಕೆಂಪು. ಎಲೆಯ ತುದಿ ನೋಡಿ: ಅದೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದಿರುತ್ತದೆ. ಕೀಳಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಇಡೀ ಗಿಡ ವಿಷ, ಗೆಡ್ಡೆಯಂತೂ ಪ್ರಾಣಕ್ಕೇ ಅಪಾಯ.

ಉದ್ದ ತೋಳಿನ ಅಂಗಿ, ನುಣುಪು ಬಟ್ಟೆಯ ಪ್ಯಾಂಟು ಹಾಕಿ, ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ; ಹುಲ್ಲಿನಲ್ಲಿ ಉಣ್ಣೆಹುಳುಗಳಿರುತ್ತವೆ. ಉತ್ತರಾಣಿಯ ಬೀಜವೂ ಅಂಟುತ್ತದೆ. ಅದರ ಕಾಯಿಗಳು ಕಡ್ಡಿಯ ಮೇಲೆ ಮುಳ್ಳಿನ ಮೊನೆ ಕೆಳಗೆ ಮಾಡಿ ಕೂತಿರುತ್ತವೆ, ಉಜ್ಜಿಕೊಂಡು ಹೋದರೆ ಸಾಕು, ಬಟ್ಟೆಗೆ ಸೇರುತ್ತವೆ. ಬೇರೆ ಕೆರೆಗೆ ಹೋಗುವ ಮೊದಲು ಬಿಡಿಸಿ ಹಾಕಿ, ಬೀಜ ಊರೂರು ದಾಟುವುದು ಬೇಡ.

ಕೊನೆಗೆ ರಂಗನತಿಟ್ಟು. ಹೊರಡುವ ಮೊದಲು ದೋಣಿ ನಡೆಯುತ್ತಿದೆಯೇ ಎಂದು ಫೋನಿನಲ್ಲಿ ಕೇಳಿ. ಕೆಆರ್‌ಎಸ್ ಭರ್ತಿ ಮಟ್ಟ 124.80 ಅಡಿ, ಅದರ ಹತ್ತಿರ ನೀರಿದ್ದು ಹೊರಹರಿವು ಹೆಚ್ಚಿದರೆ ಕಾವೇರಿ ತಿಟ್ಟುಗಳನ್ನೇ ಮುಳುಗಿಸುತ್ತದೆ, ದೋಣಿ ನಿಲ್ಲುತ್ತದೆ. ಆಗ ದಡದಲ್ಲೇ ನಡೆದು ಮರದ ಬಾವಲಿಗಳನ್ನೂ ಮಿಂಚುಳ್ಳಿಗಳನ್ನೂ ನೋಡಬಹುದು. ದೋಣಿ ಸಿಕ್ಕರೆ ಬಂಡೆಯ ಮೇಲಿನ ಮೊಸಳೆಗಳತ್ತ ಕಣ್ಣಿಡಿ, ಕೈ ಮಾತ್ರ ಒಳಗೇ ಇರಲಿ.