ಕುಳಿಯಲ್ಲಿ ನೀರಿದ್ದ ದಿನದ ಸಿಟಿ ಸ್ಕ್ಯಾನ್

ಮಂಗಳೂರಿನ ನಮ್ಮ ಟ್ಯೂಮರ್ ಬೋರ್ಡಿನಲ್ಲಿ (ಕ್ಯಾನ್ಸರ್ ಕೇಸುಗಳನ್ನು ಡಾಕ್ಟರುಗಳು ಕೂತು ಚರ್ಚಿಸುವ ಸಭೆ) ಪ್ರೋಟಾನ್ ಪ್ಲಾನ್, ಅಂದರೆ ಗೊತ್ತಾದ ಆಳಕ್ಕೆ ಹೋಗಿ ನಿಲ್ಲುವ ಕಿರಣದ ಚಿಕಿತ್ಸೆಯ ಯೋಜನೆ, ಪರದೆಗೆ ಬಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಡಿವಿಎಚ್ ಕಡೆಗೆ, ಯಾವ ಅಂಗಕ್ಕೆ ಎಷ್ಟು ಡೋಸ್ ಎಂದು ತೋರಿಸುವ ಗ್ರಾಫಿನ ಕಡೆಗೆ. ನಾನು ತೋರಿಸಿದ್ದೂ ಅದನ್ನೇ. ಮ್ಯಾಕ್ಸಿಲರಿ ಸೈನಸ್ (ಕೆನ್ನೆಯ ಹಿಂದಿನ ಮೂಳೆಯೊಳಗಿನ ಗಾಳಿಕುಳಿ) ಕ್ಯಾನ್ಸರಿನ ಕೇಸು, ಆಪರೇಷನ್ ಆಗಿ ನಾಲ್ಕು ವಾರ, 33 ಫ್ರಾಕ್ಷನ್ (ಕಂತು), ಒಟ್ಟು ಡೋಸ್ 66 ಗ್ರೇ. ನಮ್ಮ 6 ಎಂವಿ ವಿಮ್ಯಾಟ್ (ಸುತ್ತ ತಿರುಗುತ್ತಾ ಕೊಡುವ ಎಕ್ಸ್‌ರೇ, ಅಂದರೆ ಫೋಟಾನ್ ಚಿಕಿತ್ಸೆ) ಪ್ಲಾನಿನ ಪಕ್ಕದಲ್ಲಿಟ್ಟರೆ ಎದುರು ಬದಿಯ ಪರೋಟಿಡ್ ಲಾಲಾಗ್ರಂಥಿ, ಬಾಯಿ ಎಲ್ಲ ಡೋಸಿಲ್ಲದೆ ಹೆಚ್ಚುಕಡಿಮೆ ಖಾಲಿ. ಕಯಾಸ್ಮ (ಕಣ್ಣಿನ ನರಗಳು ಕೂಡುವ ಜಾಗ) 54 ಗ್ರೇ ಒಳಗೇ ಇತ್ತು.

ಸೀನಿಯರ್ ಡಾಕ್ಟ್ರು ಒಂದು ಸ್ಲೈಸಿಗೆ ಬೆರಳಿಟ್ಟರು. "ಈ ಕುಳಿಯಲ್ಲಿ ತುಂಬಿದ್ದು ನೀರಲ್ವಾ? ಅದು ಇಳಿದು ಹೋದ್ರೆ ಎಂತ ಮಾಡ್ತೀರಿ ಮಾರಾಯ್ರೆ?"

"ರೋಬಸ್ಟ್ ಮಾಡಿದ್ದೇನೆ ಸರ್, 3.5 ಶೇಕಡಾ, 3 ಮಿ.ಮೀ." ಎಂದೆ. ಅಷ್ಟು ತಪ್ಪಾದರೂ ಪ್ಲಾನ್ ಕೆಡಬಾರದು, ಅದು ರೋಬಸ್ಟ್. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಆ 3.5 ಶೇಕಡಾ ಇರುವುದು ಎಚ್‌ಯು (ಸಿಟಿ ಸ್ಕ್ಯಾನಿನ ಅಂಕಿ) ಲೆಕ್ಕವನ್ನು ಸ್ಟಾಪಿಂಗ್ ಪವರ್‌ಗೆ, ಅಂದರೆ ಪ್ರೋಟಾನನ್ನು ತಡೆಯುವ ಶಕ್ತಿಗೆ, ತಿರುಗಿಸುವಾಗಿನ ತಪ್ಪಿಗೆ, 10 ಸೆಂ.ಮೀ. ಆಳಕ್ಕೆ ಅದು ಮೂರೂವರೆ ಮಿ.ಮೀ. 3 ಸೆಂ.ಮೀ. ನೀರು ಹೋಗಿ ಗಾಳಿ ಬಂದರೆ ಬೀಮ್ ಮುಂದಕ್ಕೆ ಹೋಗುವುದು 3 ಸೆಂ.ಮೀ.!

ಸಂಜೆ ಸ್ಕ್ಯಾನಿನಲ್ಲಿ ನೀರಿನ ಸುತ್ತ ಗೆರೆ ಎಳೆದು, ಅಲ್ಲಿ ಗಾಳಿಯೇ ಇದೆ ಎಂಬಂತೆ ಮೈನಸ್ 1000 ಎಚ್‌ಯು ಓವರ್‌ರೈಡ್ ಕೊಟ್ಟು, ಪ್ಲಾನ್ ಬದಲಿಸದೆ ಬರೀ ಡೋಸ್ ರೀಕ್ಯಾಲ್ಕುಲೇಟ್ ಹಾಕಿದೆ. ಬಾರ್ ತೆವಳುತ್ತಾ ಮುಗಿಯಿತು. ಮುಂದಿನಿಂದ ಬರುವ ಬೀಮಿನ ತುದಿ ಬ್ರೈನ್‌ಸ್ಟೆಮ್ (ಮಿದುಳಿನ ಕಾಂಡ) ಮುಟ್ಟಿತ್ತು. ತುದಿಯಲ್ಲೇ ಎಲ್‌ಇಟಿ (ದಾರಿಯಲ್ಲಿ ಬಿಟ್ಟುಹೋಗುವ ಶಕ್ತಿಯ ಸಾಂದ್ರತೆ) ಏರುವುದು, ಆದರೆ ಪ್ಲಾನ್ ಮಾಡುವ ಸಾಫ್ಟ್‌ವೇರ್ ಟಿಪಿಎಸ್ ಮಾತ್ರ ಎಲ್ಲ ಕಡೆಗೂ ಆರ್‌ಬಿಇ (ಫೋಟಾನಿಗೆ ಹೋಲಿಸಿದರೆ ಎಷ್ಟು ಪಟ್ಟು ಪರಿಣಾಮ ಎಂಬ ಅಂಕಿ) 1.1 ಹಿಡಿದು ಕೂತಿರುತ್ತದೆ. ವಿಮ್ಯಾಟಿಗೂ ಅದೇ ಓವರ್‌ರೈಡ್ ಕೊಟ್ಟು ನೋಡಿದೆ. ಡೋಸ್ ಸ್ವಲ್ಪ ಏರಿತು, ಅಷ್ಟೆ. ಫೋಟಾನಿಗೆ ನಿಲ್ಲುವ ಜಾಗ ಅಂತ ಒಂದಿಲ್ಲವಲ್ಲ.

ಹಾಗಂತ ಪ್ರೋಟಾನ್ ಬೇಡವೆಂದಲ್ಲ. ಮೆಡುಲ್ಲೋಬ್ಲಾಸ್ಟೋಮಾ (ಮಿದುಳಿನ ಗಡ್ಡೆ) ಇರುವ ಮಗುವಿನ ಸಿಎಸ್‌ಐಗೆ, ಅಂದರೆ ಇಡೀ ಮಿದುಳು-ಬೆನ್ನುಹುರಿಗೆ ಕೊಡುವ ವಿಕಿರಣಕ್ಕೆ, ಚರ್ಚೆಯೇ ಬೇಡ. ಬೆಳೆಯುವ ಮಗುವಾದರೆ ಕಶೇರುಕವನ್ನು ಪೂರ್ತಿ ಒಳಗೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಬೆನ್ನು ಸೊಟ್ಟ ಬೆಳೆಯುತ್ತದೆ. ಅದರಾಚೆ ಹೃದಯ, ಕರುಳಿಗೆ ಬೀಳುವುದು ಅತ್ಯಲ್ಪ. ಎಡಸ್ತನಕ್ಕಾದರೆ ಮೊದಲು ಡಿಐಬಿಎಚ್ (ಆಳವಾಗಿ ಉಸಿರೆಳೆದು ಹಿಡಿದಾಗ ಕೊಡುವ ವಿಕಿರಣ) ಮಾಡಿಸಿ ನೋಡಿ, ಉಸಿರು ಹಿಡಿಯಲು ಆಗುವವರಿಗೆ ಬಹಳಷ್ಟು ಸಲ ಅಷ್ಟೇ ಸಾಕು. ಕೆನ್ನೆಯ ಕ್ಯಾನ್ಸರಿನವರು ಮೂರನೇ ವಾರಕ್ಕೇ ತೂಕ ಇಳಿದು, ತಲೆ ಅಲುಗದಂತೆ ಹಿಡಿಯುವ ಮಾಸ್ಕ್ ಸಡಿಲವಾಗಿರುತ್ತದೆ. ಅವರನ್ನು ಪ್ರೋಟಾನಿಗೆ ಹಾಕಿದರೆ ವಾರಕ್ಕೊಂದು ರಿಪೀಟ್ ಸಿಟಿ ಬೇಕು. ಅದರ ಬಿಲ್ ಯಾರ ತಲೆಗೆ ಎಂಬ ಪ್ರಶ್ನೆಗೆ ಮ್ಯಾನೇಜ್‌ಮೆಂಟಿನವರು ಇನ್ನೂ ಉತ್ತರ ಕೊಟ್ಟಿಲ್ಲ, ರೆಫರಲ್ ಪೋಸ್ಟರ್ ಮಾತ್ರ ಲಿಫ್ಟಿನ ಪಕ್ಕ ಅಂಟಿಸಿದ್ದಾರೆ.

ನಮ್ಮ ಕೇಸಿನಲ್ಲಿ ಬೀಮ್‌ಗಳನ್ನು ಕುಳಿ ತಪ್ಪಿಸಿ ಓರೆಯಾಗಿ ತಿರುಗಿಸಿ, ತುಂಬಿದ್ದು ಖಾಲಿಯಾದದ್ದು ಎರಡನ್ನೂ ರೋಬಸ್ಟ್ ಸಿನಾರಿಯೋಗೆ ಸೇರಿಸಿ ಹೊಸ ಪ್ಲಾನ್ ಮಾಡಿದೆ. ಡಿವಿಎಚ್‌ನ ಚಂದ ಕಡಿಮೆಯಾಯಿತು, ಆದರೂ ಪರೋಟಿಡ್ ವಿಮ್ಯಾಟಿಗಿಂತ ವಾಸಿಯೇ. ಚೆನ್ನೈಯಲ್ಲಿ 2019ರಿಂದ, ನವಿ ಮುಂಬಯಿ ಖಾರ್ಘರ್‌ನ ಆಕ್ಟ್ರೆಕ್‌ನಲ್ಲಿ (ಟಾಟಾ ಮೆಮೋರಿಯಲ್‌ನ ಕ್ಯಾನ್ಸರ್ ಸಂಸ್ಥೆ) 2023ರಿಂದ ಪ್ರೋಟಾನ್ ಇದೆ. ಎಲ್ಲಿಗೆ ಹೋದರೂ ಹೊಸ ಮಾಸ್ಕ್, ಹೊಸ ಸಿಮ್ಯುಲೇಷನ್ (ಪ್ಲಾನಿಗೆ ಬೇಕಾದ ಸ್ಕ್ಯಾನ್), ಆಮೇಲೆ ಆರೂವರೆ ವಾರ ರೂಮ್ ಬಾಡಿಗೆ. ಆಪರೇಷನ್ನಿನಿಂದ ಆರು ವಾರದೊಳಗೆ ಶುರುವಾಗಬೇಕಾದ ಕೇಸಿಗೆ ಉಳಿದಿದ್ದದ್ದು ಎರಡೇ ವಾರ. ಇಲ್ಲೇ ವಿಮ್ಯಾಟ್ ಶುರು ಮಾಡಿದೆವು.

ಐದನೇ ಫ್ರಾಕ್ಷನ್ನಿನ ಸಿಬಿಸಿಟಿಯಲ್ಲಿ (ಚಿಕಿತ್ಸೆಯ ಯಂತ್ರದಲ್ಲೇ ತೆಗೆಯುವ ಸ್ಕ್ಯಾನ್) ಕುಳಿ ಅರ್ಧ ಖಾಲಿಯಾಗಿತ್ತು.