ಹಳದಿ ಬಾವುಟದ ಕೆಳಗೆ ಒಂದು ರಾತ್ರಿ

ಓಪುವಾ, ನ್ಯೂಜಿಲೆಂಡ್, ನವೆಂಬರ್ 12, 2024, ಮಂಗಳವಾರ

ಹಾಯಿದೋಣಿಯೊಂದಕ್ಕೆ ನಾನು ಬರೆದುಕೊಟ್ಟ ಪತ್ರದಲ್ಲಿ ಒಂದೇ ಒಂದು ಅಂಕಿ ತಪ್ಪಿತ್ತು. ತಿಂಗಳಿನ ಜಾಗದಲ್ಲಿ 11 ಎಂದಿರಬೇಕಾದಲ್ಲಿ ನಾನು 12 ಎಂದು ಬರೆದಿದ್ದೆ. ನಿನ್ನೆ ಸಂಜೆಯೇ ಅದು ಕಣ್ಣಿಗೆ ಬಿತ್ತು, ಕೂಡಲೇ ತಿದ್ದಿ ಕಳುಹಿಸಿದೆ, ಇಂದು ಬೆಳಿಗ್ಗೆ ಕೆಲಸವೂ ಸುಸೂತ್ರವಾಗಿ ನಡೆಯಿತು. ಆದರೂ ಮಧ್ಯಾಹ್ನ ಆ ದೋಣಿಯ ಡೆನ್ಮಾರ್ಕಿನ ಹಿರಿಯರು, ದೋಣಿಗಳನ್ನು ಮೇಲೆತ್ತಿ ತೊಳೆಯುವ ನಮ್ಮ ಯಾರ್ಡಿನ ಬೆಂಚಿನ ಮೇಲೆ ಕುಳಿತು ಹೇಳಿದ ಮಾತು ಈ ಹೊತ್ತಿಗೂ ಎದೆಯಿಂದ ಇಳಿದಿಲ್ಲವಾದ್ದರಿಂದ, ಪುಟ್ಟಿಯನ್ನು ಮಲಗಿಸಿ ಬಂದು ಬರೆಯಲು ಕುಳಿತಿದ್ದೇನೆ.

ನವೆಂಬರ್ ಬಂತೆಂದರೆ ನಮ್ಮ ಯಾರ್ಡಿನ ಕಚೇರಿಗೆ ಸುಗ್ಗಿ ಎಂಬುದು ಇಲ್ಲಿ ಓದುವವರಿಗೆ ಗೊತ್ತೇ ಇದೆ. ದಕ್ಷಿಣ ಶಾಂತಸಾಗರದಲ್ಲಿ ಇನ್ನು ಏಪ್ರಿಲ್‌ವರೆಗೆ ಚಂಡಮಾರುತಗಳ ಕಾಲವಾದ್ದರಿಂದ, ಟೊಂಗಾ ಮತ್ತು ಫಿಜಿಯ ಸುತ್ತಮುತ್ತ ಇದ್ದ ಹಾಯಿದೋಣಿಗಳು ಸುಮಾರು ಸಾವಿರ ನಾಟಿಕಲ್ ಮೈಲಿ ತೆಂಕಣಕ್ಕೆ ಇಳಿದು ನ್ಯೂಜಿಲೆಂಡಿಗೆ ಬರುತ್ತವೆ, ಅವುಗಳಲ್ಲಿ ಬಹಳಷ್ಟು ದೋಣಿಗಳು ಮೊದಲು ಕಟ್ಟಿಕೊಳ್ಳುವುದು ನಮ್ಮ ಓಪುವಾದಲ್ಲಿ. ಬರುವವರು ಹೇಳದೆ ಕೇಳದೆ ಬರುವಂತಿಲ್ಲ. ಕನಿಷ್ಠ 48 ಗಂಟೆ ಮುಂಚಿತವಾಗಿ ಕಸ್ಟಮ್ಸ್‌ನವರಿಗೆ ಆಗಮನದ ಸೂಚನೆ ಕಳುಹಿಸಬೇಕು. ಅದರಲ್ಲಿ ದೋಣಿಯ ವಿವರ, ಅದರಲ್ಲಿರುವವರ ಪಾಸ್‌ಪೋರ್ಟ್ ವಿವರ, ಹಿಂದೆ ನಿಂತ ಬಂದರುಗಳು, ಬಂದು ಸೇರುವ ದಿನ ಮತ್ತು ಹೊತ್ತು ಎಲ್ಲವೂ ಇರಬೇಕು. ಬಂದ ಮೇಲೆ ಹಿಂದಿನ ಬಂದರಿನವರು ಕೊಟ್ಟ ನಿರ್ಗಮನ ಪತ್ರ, ಆರೋಗ್ಯದ ಘೋಷಣೆ, ಬಂದೂಕು ಮತ್ತು ಔಷಧಿಗಳ ವಿವರ, ಹತ್ತು ಸಾವಿರ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ನಗದಿದ್ದರೆ ಅದರ ಲೆಕ್ಕ, ತಿನ್ನುವ ಪದಾರ್ಥಗಳ ಪಟ್ಟಿ. ದೋಣಿಗೆ ಸುಂಕ ಕಟ್ಟದೆ ಇಲ್ಲಿ ಇರಿಸಿಕೊಳ್ಳಲು ತಾತ್ಕಾಲಿಕ ಆಮದಿನ ಅರ್ಜಿ ಬೇರೆ. ಗಾಳಿಯನ್ನು ನಂಬಿ ಹೊರಟವನಿಗೆ ತಾನು ಯಾವ ದಿನ ಎಷ್ಟು ಗಂಟೆಗೆ ಬಂದು ಮುಟ್ಟುತ್ತೇನೆಂದು ಹೇಳುವುದು ಎಷ್ಟು ಕಷ್ಟವೆಂದು ಈ ಕೆಲಸಕ್ಕೆ ಸೇರುವ ಮೊದಲು ನಾನು ಯೋಚಿಸಿಯೇ ಇರಲಿಲ್ಲ.

ನಮ್ಮ ಯಾರ್ಡಿನ ಪಾತ್ರ ಬರುವುದು ದೋಣಿಯ ತಳದ ವಿಷಯದಲ್ಲಿ. 2018ರ ಮೇ ತಿಂಗಳಿನಿಂದ ಇಲ್ಲಿಗೆ ಬರುವ ಪ್ರತಿಯೊಂದು ಹಡಗಿನ, ಪ್ರತಿಯೊಂದು ದೋಣಿಯ ತಳವೂ ಶುಚಿಯಾಗಿರಬೇಕೆಂಬ ನಿಯಮ ಜಾರಿಯಲ್ಲಿದೆ. ಮೂರು ವಾರ ಅಥವಾ ಅದಕ್ಕಿಂತ ಹೆಚ್ಚು ಇರುವವರಾದರೆ ತಳದಲ್ಲಿ ತೆಳ್ಳಗಿನ ಲೋಳೆ ಇರಬಹುದು, ನಡುಗಡಲಿನಲ್ಲಿ ಅಂಟಿಕೊಳ್ಳುವ ಉದ್ದ ತೊಟ್ಟಿನ ಬಾರ್ನಕಲ್ ಎಂಬ ಚಿಪ್ಪುಜೀವಿ ಇರಬಹುದು, ಬೇರೆ ಯಾವ ಜೀವವೂ ಇರುವಂತಿಲ್ಲ. ಹೊರಡುವ ಮುಂಚೆ, ಬರುವುದಕ್ಕೆ 30 ದಿನಗಳ ಒಳಗೆ, ತಳವನ್ನು ಉಜ್ಜಿಸಿದ್ದಕ್ಕೆ ರಸೀದಿ ಮತ್ತು ಚಿತ್ರಗಳಿದ್ದರೆ ಸರಿ. ವರ್ಷವಿಡೀ ಕ್ರಮವಾಗಿ ನೋಡಿಕೊಂಡಿದ್ದಕ್ಕೆ ದಾಖಲೆಯಿದ್ದರೂ ಸರಿ. ಇವೆರಡೂ ಇಲ್ಲದವರು, ಬಂದ 24 ಗಂಟೆಯೊಳಗೆ ಒಪ್ಪಿಗೆ ಪಡೆದ ಯಾರ್ಡೊಂದರಲ್ಲಿ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ತೊಳೆಸುವುದಾಗಿ ಮೊದಲೇ ಜಾಗ ಗೊತ್ತುಮಾಡಿಕೊಂಡು, ಅದಕ್ಕೆ ಯಾರ್ಡಿನ ಪತ್ರ ತೋರಿಸಬೇಕು. ಆ ಪತ್ರ ಬರೆಯುವವಳು ನಾನು.

ಈ ಹಿರಿಯರು ಎಪ್ಪತ್ತು ದಾಟಿದವರು, ಒಬ್ಬರೇ ಬರುತ್ತಿದ್ದವರು. ಟೊಂಗಾದ ನುಕುಅಲೋಫಾದಿಂದ ಹೊರಟು, ದಾರಿಯಲ್ಲಿ ಮಿನರ್ವಾ ಎಂಬ ಹವಳದ ದಿಬ್ಬದ ಒಳಗೆ ಲಂಗರು ಹಾಕಿ ಗಾಳಿ ತಿರುಗುವುದನ್ನು ಕಾಯುತ್ತಿದ್ದರು. ಸುತ್ತ ಎಲ್ಲಿಯೂ ನೆಲವಿಲ್ಲದ ಆ ಜಾಗದಿಂದ ಉಪಗ್ರಹದ ಮೂಲಕ ಅವರು ಬರೆದಿದ್ದು ನಾಲ್ಕೇ ಸಾಲು: ತಳಕ್ಕೆ ಬಣ್ಣ ಹಚ್ಚಿ ಹದಿನಾಲ್ಕು ತಿಂಗಳಾಗಿದೆ, ತಾನೇ ಮುಳುಗಿ ಉಜ್ಜಿದ್ದೇನೆ, ರಸೀದಿ ಇಲ್ಲ, 11ರ ಸಂಜೆ ಬರುವೆನೆಂದು ಅಂದಾಜು. ನಾನು 12ನೇ ತಾರೀಕು ಬೆಳಿಗ್ಗೆ ಹನ್ನೊಂದು ಗಂಟೆಗೆ ಜಾಗ ಕೊಟ್ಟು, ಪತ್ರ ಸಿದ್ಧಪಡಿಸಿ, ಜೈವಿಕ ಸುರಕ್ಷತೆಯ ಅಧಿಕಾರಿಗಳಿಗೂ ಅವರಿಗೂ ಕಳುಹಿಸಿದೆ. ಪತ್ರದಲ್ಲಿ ಇದ್ದದ್ದು 12-12-2024.

ನಿನ್ನೆ ಸಂಜೆ ಆರೂವರೆಗೆ ಕಚೇರಿ ಮುಚ್ಚುವಾಗ ಕಿಟಕಿಯಿಂದ ಅವರ ದೋಣಿ ಕಂಡಿತು. ಹೊರದೇಶದಿಂದ ಬಂದ ದೋಣಿಗಳು ತಪಾಸಣೆಗೆ ನಿಲ್ಲುವ ಕ್ವಾರಂಟೈನ್ ಕಟ್ಟೆಯಲ್ಲಿತ್ತು. ಆ ಕಟ್ಟೆ ಮರೀನಾದ, ಅಂದರೆ ದೋಣಿ ನಿಲ್ದಾಣದ, ಹೊರಗಿನ ಅಲೆತಡೆಯೇ, ದಡಕ್ಕೆ ಸೇರಿಸುವ ಸೇತುವೆ ಅದಕ್ಕಿಲ್ಲ. ತಪಾಸಣೆ ಮುಗಿಯುವವರೆಗೆ ಬಂದವರು ಇಳಿಯುವಂತಿಲ್ಲ, ದಡದವರು ಹತ್ತಿರ ಹೋಗುವಂತಿಲ್ಲ. ಕಂಬಕ್ಕೆ ಹಳದಿ ಬಾವುಟ ಏರಿಸಿದ್ದರು. ನನ್ನ ದೋಣಿಯಲ್ಲಿ ರೋಗವಿಲ್ಲ, ಒಳಗೆ ಬರಲು ಅಪ್ಪಣೆ ಬೇಡುತ್ತಿದ್ದೇನೆ ಎಂಬುದು ಅದರ ಅರ್ಥ. ಸಂಜೆಯ ಹೊತ್ತು ಮೀರಿ ಬಂದವರಾದ್ದರಿಂದ ಅಧಿಕಾರಿಗಳು ಬರುವುದು ಬೆಳಿಗ್ಗೆ. ಆ ಹಿರಿಯರು ದೋಣಿಯ ಹಿಂಭಾಗದಲ್ಲಿ ನಿಂತು ಎದುರು ದಡದ ಒಕಿಯಾಟೊ ಕಡೆಗೆ ದಾಟುತ್ತಿದ್ದ ಫೆರಿಯನ್ನೇ ನೋಡುತ್ತಿದ್ದರು. ನಾನು ಕೈ ಬೀಸಿದೆ. ಅವರಿಗೆ ಕಂಡಿತೋ ಇಲ್ಲವೋ ತಿಳಿಯಲಿಲ್ಲ.

ನಾಳೆಯ ಕಡತವನ್ನು ಮೇಜಿನ ಮೇಲೆ ತೆಗೆದಿಡಲೆಂದು ತಿರುಗಿದಾಗಲೇ ಆ ಅಂಕಿ ಕಾಣಿಸಿತು. ಕೈಕಾಲು ತಣ್ಣಗಾಯಿತು. ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಎನ್ನುವಲ್ಲಿ ನನ್ನ ಪತ್ರ ಒಂದು ತಿಂಗಳ ನಂತರದ ದಿನ ಹೇಳುತ್ತಿತ್ತು. ಕೂಡಲೇ ಸರಿಪಡಿಸಿದ ಪತ್ರವನ್ನು ಕ್ಷಮಾಪಣೆಯೊಂದಿಗೆ ಅಧಿಕಾರಿಗಳಿಗೆ ಕಳುಹಿಸಿ, ಮನೆಗೆ ಬಂದೆ.

ರಾತ್ರಿ ಊಟದ ನಂತರ ಆಯಿಗೆ ಫೋನು ಮಾಡಿದಾಗ ಕುಮಟೆಯಲ್ಲಿ ಇನ್ನೂ ಮಧ್ಯಾಹ್ನ. ಮಾತಿಗೆ ಮಾತು ಬಂದು ಇದನ್ನೂ ಹೇಳಿದೆ. ಆಯಿಗೆ ಅಂಕಿಯ ವಿಷಯ ಹಿಡಿಸಲೇ ಇಲ್ಲ. "ಹನ್ನೆರಡು ದಿನ ಒಬ್ಬರೇ ಸಮುದ್ರದ ಮೇಲಿದ್ದು ಬಂದವರಿಗೆ ಒಂದು ಲೋಟ ನೀರು, ಒಂದು ಚೂರು ಬೆಲ್ಲ ಕೊಡಲಿಕ್ಕೂ ಆಗುವುದಿಲ್ಲವೇನೇ ನಿಮ್ಮೂರಲ್ಲಿ? ಯಾರು, ಎಲ್ಲಿಂದ ಎಂದು ಕೇಳುವುದು ಅವರು ನೀರು ಕುಡಿದ ಮೇಲೆ" ಎಂದರು. ನಮ್ಮ ಮನೆಯ ಜಗುಲಿಯಲ್ಲಿ ಅದೇ ಕ್ರಮವಿತ್ತು. ದಾರಿ ತಪ್ಪಿ ಬಂದವರಿಗೂ, ಸಾಲ ವಸೂಲಿಗೆ ಬಂದವರಿಗೂ ಮೊದಲು ನೀರು ಬೆಲ್ಲ, ಆಮೇಲೆ ವಿಚಾರಣೆ. ಇಲ್ಲಿ ವಿಚಾರಣೆ ಮೊದಲೇ ಆಗಬೇಕು. ಅದು ಸರಿ ಎಂದು ನಾನು ನಂಬುತ್ತೇನೆ, ಆಯಿಗೆ ಅದನ್ನು ಹೇಳಲು ಪ್ರಯತ್ನಿಸಿದೆ. ದೋಣಿಗಳ ತಳಕ್ಕೆ ಅಂಟಿ ಹರಡುವ ಮೆಡಿಟರೇನಿಯನ್ನಿನ ಕೊಳವೆಹುಳು 2008ರಲ್ಲಿ ಲಿಟ್ಲ್‌ಟನ್ ಬಂದರಿನಲ್ಲಿ ಮೊದಲು ಕಂಡದ್ದು, ಈಗ ಅದನ್ನು ಈ ದೇಶದಿಂದ ಪೂರ್ತಿ ಕಿತ್ತುಹಾಕುವ ಮಾತೇ ಇಲ್ಲ. ಕಳೆದ ವರ್ಷ ಮೇ ತಿಂಗಳಿನಲ್ಲಿ ನಮ್ಮದೇ ಕೊಲ್ಲಿಯಲ್ಲಿ, ತೆ ರಾಫಿಟಿಯ ಬಳಿ, ಕಾಲರ್ಪಾ ಎಂಬ ಹೊರದೇಶದ ಪಾಚಿ ಸಿಕ್ಕಿತು. ಕೈಯಗಲದ ತುಂಡೊಂದು ಲಂಗರಿಗೆ ಸಿಕ್ಕಿಕೊಂಡು ಹೋದರೂ ಬೇರೆಡೆ ಬೇರುಬಿಡುವ ಅದು ಹಾಸಿಕೊಂಡ ಕಡೆ ಚಿಪ್ಪುಜೀವಿಗಳಿಗೆ ಜಾಗವಿರುವುದಿಲ್ಲ. ಅಲ್ಲಿನ ಮಾವೊರಿ ಮನೆತನಗಳವರು ತಲೆಮಾರುಗಳಿಂದ ಚಿಪ್ಪು ಆರಿಸಿಕೊಂಡು ಬಂದ ನೀರಿನಲ್ಲಿ ಲಂಗರು ಹಾಕುವುದನ್ನೂ ಮೀನು ಹಿಡಿಯುವುದನ್ನೂ ನಿಷೇಧಿಸಬೇಕಾಯಿತು.

ಸಣ್ಣ ದೋಣಿಯನ್ನು ಇಷ್ಟೊಂದು ಪರೀಕ್ಷಿಸುವುದೇಕೆ ಎಂದು ಕೇಳುವವರಿಗೆ ಈ ಸೀಮೆಯ ಹಳಬರು ಇನ್ನೊಂದು ಮಾತನ್ನೂ ನೆನಪಿಸುತ್ತಾರೆ. 1985ರ ಜೂನ್ ತಿಂಗಳಿನಲ್ಲಿ ನ್ಯೂ ಕ್ಯಾಲಿಡೋನಿಯಾದಿಂದ ಉವೆಯಾ ಎಂಬ ಹಾಯಿದೋಣಿ ವಿಹಾರಕ್ಕೆ ಬಂದವರಂತೆ ನಮ್ಮ ನಾರ್ತ್‌ಲೆಂಡ್ ಕರಾವಳಿಯನ್ನು ಮುಟ್ಟಿತು. ಅದರಲ್ಲಿದ್ದವರು ಫ್ರಾನ್ಸಿನ ಗುಪ್ತಚರರು. ಜುಲೈ 10ರ ರಾತ್ರಿ ಆಕ್ಲೆಂಡಿನಲ್ಲಿ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯ ರೈನ್‌ಬೋ ವಾರಿಯರ್ ಹಡಗನ್ನು ಮುಳುಗಿಸಿದ ಸ್ಫೋಟಕಗಳು ಬಂದದ್ದು ಆ ದೋಣಿಯಲ್ಲಿ. ಆ ರಾತ್ರಿ ಫರ್ನಾಂಡೊ ಪೆರೇರಾ ಎಂಬ ಛಾಯಾಗ್ರಾಹಕರು ಹಡಗಿನೊಳಗೇ ಸತ್ತರು. ಆಯಿ ಇದೆಲ್ಲವನ್ನೂ ಸುಮ್ಮನೆ ಕೇಳಿ, "ಇರಲಿ, ಆದರೂ ನೀರು ಕೊಡಬಹುದಿತ್ತು" ಎಂದರು.

ನಾನು ನೆಮ್ಮದಿಯಾಗಿ ಮಲಗಿದೆ. ಪತ್ರ ತಿದ್ದಿಯಾಗಿತ್ತಲ್ಲ.

ಬೆಳಿಗ್ಗೆ ಎಂಟಕ್ಕೆ ಕಚೇರಿಯ ಬಾಗಿಲು ತೆಗೆದು ಅಂಚೆಪೆಟ್ಟಿಗೆ ನೋಡಿದರೆ, ರಾತ್ರಿ 11.40ಕ್ಕೆ ಬಂದ ಒಂದು ಸಂದೇಶವಿತ್ತು. "ಪತ್ರದಲ್ಲಿ ಡಿಸೆಂಬರ್ ಎಂದಿದೆ. ನಾಳೆ ನನಗೆ ಜಾಗವಿಲ್ಲವೇ? ದಯವಿಟ್ಟು ತಿಳಿಸಿ." ಅದರ ಕೆಳಗೆ 2.15ಕ್ಕೆ ಮತ್ತೊಂದು. ಅದರಲ್ಲಿ ಪ್ರಶ್ನೆ ಮಾತ್ರ ಇತ್ತು.

ನಾನು ಉತ್ತರ ಟೈಪು ಮಾಡುವಷ್ಟರಲ್ಲಿ ಕಸ್ಟಮ್ಸ್ ಮತ್ತು ಜೈವಿಕ ಸುರಕ್ಷತೆಯ ಅಧಿಕಾರಿಗಳು ಅವರ ದೋಣಿಯನ್ನು ಹತ್ತಿಯಾಗಿತ್ತು. ಒಂದು ಗಂಟೆಯ ನಂತರ ಅವರಲ್ಲೊಬ್ಬ ಅಧಿಕಾರಿಣಿ ನಮ್ಮಲ್ಲಿಗೆ ಬಂದಾಗ ನಾನು ಮೊದಲು ಕೇಳಿದ್ದು ಪತ್ರದ ವಿಷಯ. ತಿದ್ದಿದ ಪ್ರತಿ ಬಂದಿದ್ದರಿಂದ ತೊಂದರೆಯಾಗಲಿಲ್ಲ, ಹಳೆಯದೊಂದೇ ಇದ್ದಿದ್ದರೆ ನಿಮ್ಮನ್ನು ಸಂಪರ್ಕಿಸುವವರೆಗೆ ಅವರನ್ನು ಅಲ್ಲೇ ನಿಲ್ಲಿಸಬೇಕಾಗುತ್ತಿತ್ತು ಎಂದರು. ನೀರಿನೊಳಗೆ ಕ್ಯಾಮೆರಾ ಇಳಿಸಿ ನೋಡಿದಾಗ ತಳ ಹೆಚ್ಚುಕಡಿಮೆ ಶುಚಿಯಾಗಿಯೇ ಇತ್ತಂತೆ, ಚುಕ್ಕಾಣಿಯ ಸಂದಿಯಲ್ಲಿ ಮಾತ್ರ ಏನೋ ಅಂಟಿತ್ತಂತೆ. ಹನ್ನೊಂದಕ್ಕೆ ಸರಿಯಾಗಿ ಎತ್ತುಯಂತ್ರದ ಪಟ್ಟಿಗಳ ಮೇಲೆ ದೋಣಿ ಎದ್ದಿತು, ನೀರು ಸೋರಿತು, ನಮ್ಮ ಹುಡುಗರು ತೊಳೆದರು. ಕೆರೆದು ತೆಗೆದದ್ದನ್ನೆಲ್ಲ ಮರಳಿ ಸಮುದ್ರ ಸೇರದಂತೆ ಗುಂಡಿಯಲ್ಲಿ ಹಿಡಿದು ಚೀಲಕ್ಕೆ ತುಂಬಿದರು.

ಮಧ್ಯಾಹ್ನ ನಾನು ಒಂದು ಲೋಟ ನೀರು ಮತ್ತು ಚಹಾ ಹಿಡಿದುಕೊಂಡು ಅವರ ಬಳಿ ಹೋದೆ. ಬೆಂಚಿನ ಮೇಲೆ ಕುಳಿತಿದ್ದರು, ನೆಲ ಇನ್ನೂ ತೂಗುತ್ತಿರುವಂತೆ ಎರಡೂ ಕೈಯಲ್ಲಿ ಅಂಚು ಹಿಡಿದಿದ್ದರು. ತಪ್ಪು ನನ್ನದೆಂದು ಹೇಳಿ ಕ್ಷಮೆ ಕೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಸಮುದ್ರದಲ್ಲಿ ಇಪ್ಪತ್ತು ಇಪ್ಪತ್ತು ನಿಮಿಷಕ್ಕೆ ಗಡಿಯಾರ ಇಟ್ಟುಕೊಂಡು ಮಲಗುತ್ತಾರಂತೆ, ಹಡಗೇನಾದರೂ ಎದುರಿಗೆ ಬಂದೀತೆಂದು. ಹನ್ನೆರಡು ದಿನ ಹಾಗೆ ಕಳೆದು, ಕಟ್ಟೆಗೆ ಹಗ್ಗ ಕಟ್ಟಿದ ಮೇಲೆ ಬೆಳಗಿನವರೆಗೆ ಮಲಗಬೇಕೆಂಬುದೊಂದೇ ಆಸೆಯಾಗಿತ್ತಂತೆ. ಮಲಗುವ ಮೊದಲು, ಅಧಿಕಾರಿಗಳು ಬಂದಾಗ ತಡಕಾಡಬಾರದೆಂದು ಕಾಗದಗಳನ್ನು ಒಂದೊಂದಾಗಿ ಜೋಡಿಸುವಾಗ ನನ್ನ ಪತ್ರವನ್ನು ಮೊದಲ ಬಾರಿ ಸರಿಯಾಗಿ ಓದಿದರಂತೆ. "ಬೆಳಗಿನವರೆಗೆ ಕುಳಿತೇ ಇದ್ದೆ. ಹೋಗು ಎಂದರೆ ಎಲ್ಲಿಗೆ ಹೋಗುವುದೆಂದು ನಕ್ಷೆ ತೆಗೆದು ನೋಡುತ್ತಿದ್ದೆ" ಎಂದರು. ಆ ಮಾತನ್ನು ಅವರು ಬಹಳ ಮೆತ್ತಗೆ ಹೇಳಿದರು.

ಆಮೇಲೆ ತಾವಾಗಿಯೇ ಬೇರೆ ವಿಷಯ ತೆಗೆದರು. ಈರುಳ್ಳಿ, ಶುಂಠಿ, ನಾಲ್ಕು ಮೊಟ್ಟೆ, ಅರ್ಧ ಬಾಟಲಿ ಜೇನುತುಪ್ಪ ಅಧಿಕಾರಿಗಳ ಚೀಲ ಸೇರಿತಂತೆ. ಜೇನು ಟೊಂಗಾದಲ್ಲಿ ಯಾರೋ ಕೊಟ್ಟದ್ದು. ನಾನು ನನ್ನ ಕಥೆ ಹೇಳಿದೆ. ಮೊದಲ ಬಾರಿ ಆಕ್ಲೆಂಡಿನಲ್ಲಿ ಇಳಿದಾಗ ಆಯಿ ಕಟ್ಟಿಕೊಟ್ಟಿದ್ದ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಶಿರಸಿಯ ತುಡುವೆ ಜೇನು ಎಲ್ಲವನ್ನೂ ಘೋಷಣೆಯಲ್ಲಿ ಬರೆದಿದ್ದೆ. ಉಪ್ಪಿನಕಾಯಿ ನನ್ನ ಜೊತೆ ಬಂತು, ಜೇನು ಬರಲಿಲ್ಲ. ಜೇನಿನಲ್ಲಿ ಹುಳಗಳ ರೋಗ ಬರಬಹುದು, ನಮ್ಮ ಗೂಡುಗಳಿಗೆ ತಗುಲಿದರೆ ಕಷ್ಟ ಎಂದು ಅಂದು ಒಬ್ಬ ಅಧಿಕಾರಿ ನಿಂತು ವಿವರಿಸಿದ್ದರು. ಅವರು ವಿವರಿಸಿದ್ದಕ್ಕೇ ನನಗೆ ಅಳು ಬರಲಿಲ್ಲ ಎಂದು ಈಗ ಅನ್ನಿಸುತ್ತದೆ. ನನ್ನ ಪೆಟ್ಟಿಗೆ ಏನಾಗುತ್ತಿದೆ, ಯಾಕೆ ಎಂದು ನನಗೆ ಗೊತ್ತಿತ್ತು.

ನಿನ್ನೆ ನಾನು ತಪ್ಪನ್ನು ತಿದ್ದಿದ್ದು ಕೇಳುವವರಿಗೆ ಮಾತ್ರ. ಅಧಿಕಾರಿಗಳ ವಿಳಾಸ ಬರೆದೆ, ಕಳುಹಿಸಿದೆ, ದೀಪ ಆರಿಸಿ ಮನೆಗೆ ಬಂದೆ. ಯಾರ ಹೆಸರಿನ ಪತ್ರವೋ ಅವರ ವಿಳಾಸ ಅದೇ ಕಡತದ ಮೊದಲ ಪುಟದಲ್ಲಿತ್ತು, ಅವರು ನನ್ನ ಕಿಟಕಿಯ ಎದುರಿಗೇ ನಿಂತಿದ್ದರು, ಆದರೂ ಅವರಿಗೊಂದು ಪ್ರತಿ ಹೋಗಬೇಕೆಂದು ನನಗೆ ಹೊಳೆಯಲೇ ಇಲ್ಲ. ಆಯಿ ಹೇಳಿದ ನೀರು ಅದೇ ಇರಬೇಕು. ಅದನ್ನು ಕೊಡಲು ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ.

ನಾಳಿದ್ದು ಫಿಜಿಯಿಂದ ಎರಡು ದೋಣಿ ಬರಲಿವೆ. ಒಂದರ ಪಟ್ಟಿಯಲ್ಲಿ ನಾಲ್ಕು ವರ್ಷದ ಮಗುವಿದೆ, ನಮ್ಮ ಪುಟ್ಟಿಯದೇ ವಯಸ್ಸು. ಊಟವಾದ ಮೇಲೆ ಎರಡೂ ಪತ್ರಗಳನ್ನು ಮತ್ತೆ ತೆರೆದು ದಿನ, ತಿಂಗಳು, ವರ್ಷ ಬೆರಳಿಟ್ಟು ಓದಿದೆ. ಸರಿಯಾಗಿವೆ. ಸರಿಯಾಗಿವೆ ಎಂದು ಇಬ್ಬರಿಗೂ ಒಂದೊಂದು ಸಾಲು ಬರೆದು ಕಳುಹಿಸಿದ್ದೇನೆ. ಒಬ್ಬರಿಂದ ಉತ್ತರ ಬಂದಿದೆ. ಇನ್ನೊಬ್ಬರು, ಆ ಮಗು ಇರುವವರು, ಈ ಗಾಳಿಯಲ್ಲಿ ಅದನ್ನು ನೋಡಿದ್ದಾರೋ ಇಲ್ಲವೋ