ಬದುವಿನ ಸಾಲಿಗೆ ಬಂದು ಸೇರಿದವರು

ಹೊಲದ ಬದುವಿನಲ್ಲಿದ್ದ ನೀಲಗಿರಿ ಸಾಲನ್ನು ಬೇರುಸಹಿತ ಕೀಳಿಸಿ, ಅಲ್ಲಿ ಹೊಂಗೆ, ಕಕ್ಕೆ, ಅತ್ತಿ, ಬಾರೆ, ಲಕ್ಕಿ, ತಂಗಡಿಗಳನ್ನು ನೆಡಿಸಿದ್ದ ನನ್ನ ಸೋದರಮಾವ, ಕೆಲವು ವರ್ಷಗಳ ತರುವಾಯ "ಏನೇನು ಬಂದು ಸೇರಿಕೊಂಡಿವೆ, ಒಮ್ಮೆ ಬಂದು ನೋಡು" ಎಂದು ಕರೆದರು. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ, ಹಕ್ಕಿಗಳನ್ನು ನೋಡುವ ಆಸೆಯಿಂದ ದುರ್ಬೀನು ಹಿಡಿದು ಹೋದೆ. ಆದರೆ ಆ ಬೆಳಗಿನ ಬಹುಪಾಲು ಹೊತ್ತು ಕಳೆದದ್ದು ದುರ್ಬೀನಿನ ಅಗತ್ಯವೇ ಇಲ್ಲದ ಜೀವಿಗಳ ಮುಂದೆ.

ಕಕ್ಕೆಯ ಎಳೆ ಎಲೆಗಳು ಜರಡಿಯಂತೆ ತೂತುಬಿದ್ದಿದ್ದವು. ಔಷಧಿ ಹೊಡೆಸಬೇಕೇ ಎಂಬುದು ಮಾವನ ಮೊದಲ ಪ್ರಶ್ನೆಯಾಗಿತ್ತು. ಎಲೆಯ ಬಣ್ಣದಲ್ಲೇ ಕರಗಿಹೋಗಿದ್ದ ಹಸಿರು ಹುಳುಗಳನ್ನು ತೋರಿಸಿ, ಇವು ಕಾಮನ್ ಎಮಿಗ್ರಂಟ್ ಎಂಬ ತಿಳಿಹಳದಿ ಚಿಟ್ಟೆಯ ಮರಿಗಳೆಂದೂ, ಆ ಚಿಟ್ಟೆ ಮೊಟ್ಟೆಯಿಡಲು ಕಕ್ಕೆ ಮತ್ತು ಅದರ ಹತ್ತಿರದ ಬಂಧುಗಳನ್ನೇ ಹುಡುಕಿ ಬರುತ್ತದೆಂದೂ ಹೇಳಿದೆ. ತಾನಾಗಿ ಹುಟ್ಟಿದ್ದ ಎಕ್ಕದ ಮೇಲೆ ಬೇರೊಂದು ಚಿಟ್ಟೆಯ ಪಟ್ಟೆಪಟ್ಟೆಯ ಹುಳುಗಳು, ಆ ಗಿಡದ ವಿಷದ ಹಾಲನ್ನು ಲೆಕ್ಕಿಸದೆ ಎಲೆ ಮೇಯುತ್ತಿದ್ದವು. ನೀಲಗಿರಿಯ ಎಲೆಯನ್ನು ನಮ್ಮ ಕಂಬಳಿಹುಳುಗಳಲ್ಲಿ ಹೆಚ್ಚಿನವು ಮುಟ್ಟುವುದಿಲ್ಲ. ಹುಳುವಿಲ್ಲದ ಕಡೆ ಮರಿ ಸಾಕಬೇಕಾದ ಹಕ್ಕಿಗೇನು ಕೆಲಸ? ಮಕರಂದ ಹೀರುವ ಸೂರಕ್ಕಿಯೂ ಮರಿಗಳಿಗೆ ಹುಳುಗಳನ್ನೂ ಜೇಡಗಳನ್ನೂ ತಿನ್ನಿಸುತ್ತದೆ. ಆದ್ದರಿಂದ ತೂತುಬಿದ್ದ ಎಲೆಯೇ ಇಂಥ ನೆಡುತೋಪಿನ ಆರೋಗ್ಯದ ಮೊದಲ ಲಕ್ಷಣವೆಂದು ನಾನು ತಿಳಿದಿದ್ದೇನೆ.

ಹೊಂಗೆಯೊಂದರ ಬುಡದಲ್ಲಿ ಯಾರೂ ನೆಡದ ಶ್ರೀಗಂಧದ ಸಸಿಯಿತ್ತು. ಗಂಧದ ಹಣ್ಣು ತಿಂದ ಪಿಕಳಾರಗಳೂ ಕೋಗಿಲೆಗಳೂ ಕೊಂಬೆಯ ಮೇಲೆ ಕುಳಿತು ಬೀಜ ಉದುರಿಸುತ್ತವೆ. ನೆರೆಯ ಗಿಡದ ಬೇರಿನಿಂದ ಪೋಷಣೆ ಪಡೆದು ಬೆಳೆಯುವ ಗಂಧಕ್ಕೆ ಹೊಂಗೆಯ ಬುಡಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಮಾವನಿಗೆ ಇದು ಹಿಗ್ಗಿನ ವಿಷಯ. ಆದರೆ ಮುಂದಿನ ಗಿಡದಡಿಯಲ್ಲೇ ಲಂಟಾನವೂ ತಲೆಯೆತ್ತಿತ್ತು. ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಅಲಂಕಾರಕ್ಕೆಂದು ತರಿಸಿದ ಆ ಗಿಡದ ಹಣ್ಣನ್ನೂ ಅದೇ ಪಿಕಳಾರ ಅಷ್ಟೇ ಪ್ರೀತಿಯಿಂದ ತಿನ್ನುತ್ತದೆ. ಸ್ವದೇಶಿ, ವಿದೇಶಿ ಎಂಬ ನಮ್ಮ ಜಗಳ ಹಕ್ಕಿಗೆ ಗೊತ್ತಿಲ್ಲ. ಕೀಳುವ ಕೆಲಸ ನಮ್ಮದೇ.

ಇಲ್ಲಿ ಪರಕೀಯವಾದ ನೀಲಗಿರಿಯ ಕುಲದ ಮರಗಳನ್ನೇ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ರೈತರು ತಮ್ಮ ನೆಲದ ಗಿಡಗಳೆಂದು ಹೊಲಗಳಲ್ಲಿ ನೆಡುತ್ತಾರೆ. ಅಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ವಿಜ್ಞಾನಿಗಳು ದೀರ್ಘಕಾಲ ನಡೆಸಿದ ಅಧ್ಯಯನಗಳಲ್ಲಿ ನೆಡುತೋಪುಗಳಿಗೆ ಹಕ್ಕಿಗಳು ಮರಳುವುದು ಕಂಡಿದೆ. ಆದರೆ ಪೊದೆಗಳಿಲ್ಲದೆ ಮರಗಳಷ್ಟೇ ವಿರಳವಾಗಿ ನಿಂತ ಕಡೆ ನಾಯ್ಸಿ ಮೈನರ್ ಎಂಬ ಜಗಳಗಂಟ ಹಕ್ಕಿ ಗುಂಪುಗಟ್ಟಿಕೊಂಡು ಚಿಕ್ಕ ಹಕ್ಕಿಗಳನ್ನು ಓಡಿಸಿಬಿಡುತ್ತದೆ. ಈ ಕಾಟವನ್ನು ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ 2014ರಲ್ಲಿ ವನ್ಯಜೀವಿಗಳಿಗೆ ಒದಗಿದ ಪ್ರಮುಖ ಅಪಾಯಗಳ ಪಟ್ಟಿಗೆ ಸೇರಿಸಿತು. ಮಾವನ ಸಾಲಿನಲ್ಲಿ ಅಂಥ ಹಕ್ಕಿಯಿಲ್ಲ. ಆದರೂ ಸಿಂಪಿಗ, ಉಲಿಯಕ್ಕಿಗಳೆಲ್ಲ ಲಕ್ಕಿ, ತಂಗಡಿಗಳ ಇಕ್ಕಟ್ಟಿನಲ್ಲೇ ಓಡಾಡುತ್ತಿದ್ದವೇ ಹೊರತು, ಬುಡ ಸವರಿ ಚೊಕ್ಕಟ ಮಾಡಿದ ಭಾಗದಲ್ಲಿ ಕಾಜಾಣವೊಂದನ್ನು ಬಿಟ್ಟು ಬೇರಾವುದೂ ಕಾಣಲಿಲ್ಲ.

ಪಕ್ಕದ ಹೊಲದವರ ದೂರು ಈ ಪೊದೆಗಳ ಮೇಲೆಯೇ ಇತ್ತು. ಹಗಲು ಕಾಡುಹಂದಿ ಅಡಗಲು ಜಾಗವಾಯಿತು, ನವಿಲುಗಳು ಬಿತ್ತಿದ ಬೀಜ ಕೆದಕುತ್ತವೆ ಎಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನವಿಲಿಗೆ ಪೂರ್ಣ ರಕ್ಷಣೆಯಿದೆ ಎಂಬುದು ಬೀಜ ಕಳೆದುಕೊಂಡವರಿಗೆ ಸಮಾಧಾನದ ಮಾತಲ್ಲ. ಬರುವ ಜೀವಿಗಳಲ್ಲಿ ನಮಗೆ ಬೇಕಾದವನ್ನಷ್ಟೇ ಆರಿಸಿಕೊಳ್ಳಲು ಬಾರದ ಕೆಲಸವಿದು ಎಂಬುದನ್ನು ಒಪ್ಪಿಕೊಳ್ಳದೆ ಯಾರೂ ಗಿಡ ನೆಡಬಾರದೆಂದು ನನಗನ್ನಿಸುತ್ತದೆ. ಬಿತ್ತನೆಯ ಕಾಲದಲ್ಲಿ ಅವರ ಮಗ್ಗುಲಿನ ಪೊದೆಗಳನ್ನು ಮೊಳಕಾಲೆತ್ತರಕ್ಕೆ ಸವರಿಸುವುದಾಗಿಯೂ, ತಮ್ಮ ಮಗ್ಗುಲನ್ನು ಮುಟ್ಟುವುದಿಲ್ಲವೆಂದೂ ಮಾವ ಮಾತು ಕೊಟ್ಟರು.

ಉಳಿದದ್ದು ಪೊಟರೆಗಳ ಮಾತು. ಕುಟ್ರುಹಕ್ಕಿ ಒಣಕೊಂಬೆಯನ್ನು ತಾನೇ ಕೊರೆದುಕೊಳ್ಳುತ್ತದೆ. ಹಾಲಕ್ಕಿಗೂ ಗಿಳಿಗೂ ಇದ್ದ ಪೊಟರೆಯೇ ಬೇಕು, ಮತ್ತು ಎಳೆಯ ಮರಗಳಲ್ಲಿ ಅದು ಇರುವುದಿಲ್ಲ. ಸಾಲಿನ ಕೊನೆಯಲ್ಲಿ ಸತ್ತು ನಿಂತಿದ್ದ ಹಳೆಯ ಬೇವನ್ನು ಸೌದೆಗೆ ಕಡಿಸಲು ಮಾವ ಆಳಿಗೆ ಹೇಳಿಯಾಗಿತ್ತು. ಅದರ ಕವಲಿನ ತೂತಿನಿಂದ ಗಿಳಿಯೊಂದು ಹಾರಿದ್ದನ್ನು ಇಬ್ಬರೂ ನೋಡಿದೆವು. ಸೌದೆಗೆ ನೀಲಗಿರಿಯ ಬೊಡ್ಡೆಗಳೇ ಇನ್ನೊಂದು ವರ್ಷಕ್ಕೆ ಸಾಕು ಎಂದು ಹೇಳಿ ಅವರು ಆಳಿಗೆ ಫೋನು ಮಾಡಿದರು.